ನೆಲಕ್ಕೆ ಕಿವಿಗೊಟ್ಟವಳು

ಸುವಾನಿ, ಜಾರ್ಜಿಯಾ
ಮಾರ್ಚ್ 29, 2020

ಪ್ರೀತಿಯ ತಂಗಿ ಗಂಗಾ,

ಕಾಗದ ಕಂಡು ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಸುಖ. ನೀನು ಕಲಬುರಗಿಯ ಹಾಸ್ಟೆಲಿನಲ್ಲಿದ್ದಾಗ ನಾನು ಬರೆಯುತ್ತಿದ್ದೆನಲ್ಲ, ಆಮೇಲೆ ಇವತ್ತೇ ಪೆನ್ನು ಹಿಡಿದಿರುವುದು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದೆ. ನಿನ್ನ ವೈನಿ ಯಾಮಿನಿಯ ಆಫೀಸು ಊಟದ ಮೇಜಿನ ಮೇಲೆ, ಅಕ್ಷಯಾಳ ಶಾಲೆ ಮಂಚದ ಮೇಲೆ. ಸೇತುವೆಗಳಿಗೆ ಮಾತ್ರ ಲಾಕ್‌ಡೌನ್ ಇಲ್ಲ, ಹಾಗಾಗಿ ನಾನೊಬ್ಬ ಆಗಾಗ ಹೊರಗೆ ಹೋಗಿ ಅವುಗಳ ಹೊಟ್ಟೆಯಡಿ ನಿಂತು ಬಿರುಕು ನೋಡಿ ಬರುತ್ತೇನೆ.

ಮೊನ್ನೆ ಅಕ್ಷಯಾ ಶಾಲೆಯ ಪ್ರಾಜೆಕ್ಟಿಗೆಂದು ನಿನ್ನ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಓಡಿ ಬಂದು, "ಅಪ್ಪಾ, ಗಂಗಾ ಅತ್ತೆ ಮೇಕ್ಸ್ ಅರ್ತ್‌ಕ್ವೇಕ್ಸ್!" ಎಂದಳು. ನಾನು ನಕ್ಕೆ. "ಮಾಡೋದಲ್ಲವ್ವಾ, ಅಳೆಯೋದು" ಎಂದೆ. ಅವಳು ಓದಿ ತೋರಿಸಿದಳು. ಬಿಸಿ ಬಂಡೆಯೊಳಗೆ ನೀರು ನುಗ್ಗಿಸುತ್ತಾರೆ, ಆಗ ನೆಲ ಅಲುಗುತ್ತದೆ ಎಂದು ಬರೆದಿತ್ತು. ನೀನು ನನಗೆ ಇಷ್ಟು ವರ್ಷ ಹೇಳಿದ್ದು, ನೆಲದ ಸದ್ದು ಕೇಳುವ ಕೆಲಸ ಎಂದು. ಅಷ್ಟೇ ಅಲ್ಲವೇನು?

ಸ್ವಲ್ಪ ದಿನ ನಾವು ಕಾಗದದಲ್ಲೇ ಮಾತಾಡೋಣ. ಫೋನ್ ಬೇಡ.

ನಿನ್ನ ಅಣ್ಣ,
ಬಸವಂತಪ್ಪ


ಡರ್ಹಮ್, ನಾರ್ತ್ ಕೆರೊಲಿನಾ
ಏಪ್ರಿಲ್ 11, 2020

ಅಣ್ಣನಿಗೆ ಗಂಗಾಳ ಶರಣು.

ಫೋನ್ ಬೇಡ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಸಿಟ್ಟಾಗಿದ್ದೀಯಾ. ಆಗಲೇಬೇಕು. ಆದರೆ ನನ್ನ ಮಾತನ್ನೂ ಕೇಳು.

ನೆವಾಡಾದ ಮರುಭೂಮಿಯಲ್ಲಿ ನೆಲದಡಿಯ ಬಂಡೆ ಸದಾ ಕುದಿಯುವಷ್ಟು ಕಾದಿರುತ್ತದೆ. ಅಲ್ಲಿನ ಕಂಪನಿ ಒಂದು ಬಾವಿಯಿಂದ ತಣ್ಣೀರು ಇಳಿಸುತ್ತದೆ. ನೀರು ಬಂಡೆಯ ಬಿರುಕುಗಳಲ್ಲಿ ಹಾದು, ಕಾದು, ಇನ್ನೊಂದು ಬಾವಿಯಿಂದ ಮೇಲೆ ಬರುತ್ತದೆ. ಆ ಶಾಖದಿಂದ ಕರೆಂಟು. ಕಲ್ಲಿದ್ದಲಿಲ್ಲ, ಹೊಗೆಯಿಲ್ಲ. ನೀರಿನ ಒತ್ತಡಕ್ಕೆ ಬಂಡೆ ಅಲ್ಲಲ್ಲಿ ಸಣ್ಣಗೆ ಸಿಡಿಯುವುದು ನಿಜ. ಮೇಲೆ ನಿಂತವರಿಗೆ ತಿಳಿಯುವುದೂ ಇಲ್ಲ. ಆ ಸಿಡಿತದ ಅಲೆ ಗಟ್ಟಿ ಬಂಡೆಯಲ್ಲಿ ಬೇಗ ಓಡುತ್ತದೆ, ನೀರು ಹಬೆ ತುಂಬಿದಲ್ಲಿ ತಡವರಿಸುತ್ತದೆ. ನೆಲದಲ್ಲಿ ಹೂತಿಟ್ಟ ನಮ್ಮ ಯಂತ್ರಗಳಿಗೆ ಯಾವುದು ಯಾವಾಗ ಮುಟ್ಟಿತು ಎಂದು ನೋಡಿ ನಾನು ಇಲ್ಲಿ ಕೂತು ಒಳಗಿನ ಚಿತ್ರ ಬಿಡಿಸುತ್ತೇನೆ. ಡಾಕ್ಟರು ಸ್ಕ್ಯಾನ್ ನೋಡುವ ಹಾಗೆ.

ಅವ್ವನನ್ನೂ ಅಪ್ಪನನ್ನೂ ನೆಲ ನುಂಗಿದ ಮೇಲೆ ನಿನಗೆ ಇದನ್ನು ಹೇಗೆ ಹೇಳುವುದು? ಆ ಭೂಕಂಪದ ಹೆಸರನ್ನೇ ನೀನು ಮನೆಯಲ್ಲಿ ಎತ್ತಗೊಡುವುದಿಲ್ಲ. ನಾನು ಈ ಓದು ಹಿಡಿದದ್ದೇ ಅದರಿಂದ, ನೀನು ಅದರಿಂದಲೇ ದೂರ ಸರಿದೆ.

ಸಂಕ್ರಾಂತಿಗೆ ಬಂದಾಗ ನಿನ್ನ ಗಂಟಲು ಕಟ್ಟಿತ್ತು. ವಾಸಿಯಾಯಿತೆ? ಅದನ್ನಾದರೂ ಬರೆ.

ಗಂಗಾ


ಸುವಾನಿ
ಮೇ 17, 2020

ಗಂಗಾ,

ಸಿಟ್ಟಿಲ್ಲ. ಹುಚ್ಚಿ.

ಗಂಟಲಿಗೆ ಏನಾಗಿದೆ, ಪೈನ್ ಮರದ ಹಳದಿ ಪುಡಿ ಈ ವರ್ಷ ವಿಪರೀತ. ಕಾರಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಅದೇ ಇರಬೇಕು.

ನೀನು ಬರೆದದ್ದು ಅರ್ಥವಾಯಿತು. ಒಂದೇ ಒಂದು ಪ್ರಶ್ನೆ. ಆ ಬಂಡೆಯ ಮೇಲೆ ಜನ ಇದ್ದಾರೆಯೆ?

ಅಣ್ಣ


ಡರ್ಹಮ್
ಆಗಸ್ಟ್ 10, 2020

ಅಣ್ಣಾ,

ನಿನ್ನೆ ಬೆಳಿಗ್ಗೆ ಚಹಾ ಸೋಸುತ್ತಿದ್ದೆ. ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದಾದವು. ಸ್ಪಾರ್ಟಾ ಎಂಬ ಊರಿನ ಹತ್ತಿರ ಆದದ್ದು, ನಮ್ಮ ಈ ಸೀಮೆಗೆ ದೊಡ್ಡದೇ. ನಿಮ್ಮ ಕಡೆಗೂ ಅಲೆ ಮುಟ್ಟಿರಬೇಕು. ಭೂಕಂಪವನ್ನೇ ಓದಿದವಳು, ಅದು ದೂರದ್ದು, ಏನೂ ಆಗುವುದಿಲ್ಲ ಎಂದು ಆ ಕ್ಷಣಕ್ಕೇ ಗೊತ್ತಿತ್ತು. ಆದರೂ ಸೋಸುವ ಜಾಲರಿ ಹಿಡಿದುಕೊಂಡೇ ಹೊರಗೆ ಓಡಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತೆ. ಆ ಹೊತ್ತಿಗೆ ನನಗೆ ಬೇಕಾದದ್ದು ನಿನ್ನ ದನಿ, ಬೇರೇನೂ ಅಲ್ಲ. "ಏನಾಗಿಲ್ಲ ಬಿಡು" ಅಂದಿದ್ದರೆ ಸಾಕಿತ್ತು.

ನೀನು ಫೋನ್ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕೊನೆಗೆ ವೈನಿ ಎತ್ತಿದರು. "ಅವ್ರು ಚೆನ್ನಾಗಿದಾರೆ ಗಂಗಾ, ಈಗ ಮಾತಾಡಕ್ಕೆ ಆಗಲ್ಲ" ಎಂದರು. ನೀನು ಅಲ್ಲೇ ಪಕ್ಕದಲ್ಲಿ ಇದ್ದೆ. ಕುರ್ಚಿ ಎಳೆದ ಸದ್ದು ಕೇಳಿಸಿತು. ಸಣ್ಣ ಸದ್ದು ಕೇಳುವುದೇ ನನ್ನ ಕಸುಬು, ಮರೆತೆಯಾ?

ಇಷ್ಟು ಕೋಪವಾ? ಭೂಮಿ ಅಲುಗಿದ ದಿನವೂ ತಂಗಿಯ ಜೊತೆ ಮಾತಾಡಲಾಗದಷ್ಟು? ಸರಿ. ಇನ್ನು ನಾನು ಕರೆ ಮಾಡುವುದಿಲ್ಲ. ಕಾಗದವನ್ನೂ ಬರೆಯುವುದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಹೌದು, ಇದ್ದಾರೆ. ಬಾವಿಗಳಿಂದ ಸ್ವಲ್ಪ ದೂರದಲ್ಲಿ ಒಂದು ಸಣ್ಣ ಊರಿದೆ.

ಗಂಗಾಂಬಿಕಾ


ಡರ್ಹಮ್
ಜನವರಿ 4, 2021

ಅಣ್ಣಾ,

ಅಕ್ಷಯಾ ತನ್ನ ಹುಟ್ಟುಹಬ್ಬದ ವಿಡಿಯೊ ಕಳಿಸಿದ್ದಳು. ಕೇಕಿನ ಮುಂದೆ ಅವಳು, ಪಕ್ಕದಲ್ಲಿ ವೈನಿ. ನೀನು ಕಾಣಲಿಲ್ಲ, ಎಂದಿನಂತೆ ಫೋನ್ ಹಿಡಿದವನು ನೀನೇ ಇರಬೇಕು ಅಂದುಕೊಂಡೆ. ನಡುವೆ ಒಂದು ಆಟಿಕೆ, ರೋಬೋ ಥರದ್ದು, "ಕಟ್ ಮಾಡು ಅವ್ವಿ" ಎಂದಿತು. ನನಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಫೋನ್ ಮಾಡಿ, "ಆ ಆಟದ ಸಾಮಾನು ಯಾರು ಕೊಟ್ಟದ್ದೇ? ಕನ್ನಡ ಮಾತಾಡ್ತದಲ್ಲ!" ಎಂದೆ.

ಅವಳು ಮೆಲ್ಲಗೆ ಅಂದಳು: "ದಟ್ಸ್ ನಾಟ್ ಎ ಟಾಯ್, ಅತ್ತೆ. ದಟ್ಸ್ ಅಪ್ಪ."

ನಾನು ನಕ್ಕಿದ್ದೆ, ಅಣ್ಣಾ. ನಾನು ನಕ್ಕಿದ್ದೆ.

ವೈನಿ ಫೋನ್ ತೆಗೆದುಕೊಂಡು ಎಲ್ಲ ಹೇಳಿದರು. ಗಂಟಲಲ್ಲಿ ಕ್ಯಾನ್ಸರ್, ಏಪ್ರಿಲಿನಲ್ಲಿ ಆಪರೇಷನ್, ದನಿಪೆಟ್ಟಿಗೆಯನ್ನೇ ತೆಗೆದರಂತೆ. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ, ನಿನ್ನನ್ನು ಬಾಗಿಲ ಬಳಿ ಇಳಿಸಿ ವೈನಿ ಪಾರ್ಕಿಂಗಿನಲ್ಲಿ ಕೂತಿದ್ದರು. ಅದೇ ದಿನಗಳಲ್ಲಿ ನಾನು ನಿನಗೆ ಸಿಟ್ಟೆಂದು ಕಾಗದ ಬರೆಯುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಹೊರಡುತ್ತೇನೆ. ಟೆಸ್ಟ್ ಮಾಡಿಸಿಕೊಂಡಿದ್ದೇನೆ, ಮಾಸ್ಕ್ ಹಾಕಿಕೊಂಡೇ ಇರುತ್ತೇನೆ. ಈ ಕಾಗದಕ್ಕಿಂತ ಮೊದಲು ನಾನೇ ಮುಟ್ಟಿದರೂ ಮುಟ್ಟಬಹುದು. ಬರಬೇಡ ಎನ್ನಬೇಡ.

ಗಂಗಾ


ಸುವಾನಿ
ಫೆಬ್ರವರಿ 7, 2021

ತಂಗಿ,

ನೀನು ಬಂದು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ನೀನು ತಂದ ಶೇಂಗಾ ಹಿಂಡಿಯನ್ನು ಅಕ್ಷಯಾ "ಪೀನಟ್ ಚಟ್ನಿ" ಎಂದು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾಳೆ. ನನಗೆ ಖಾರ ಇನ್ನೂ ಆಗುವುದಿಲ್ಲ, ವಾಸನೆ ನೋಡುತ್ತೇನೆ. ಅದೂ ಸರಿಯಾಗಿ ಬರುವುದಿಲ್ಲ ಅನ್ನು. ಈಗ ಉಸಿರು ಮೂಗಿನಿಂದಲ್ಲ, ಕುತ್ತಿಗೆಯ ತೂತಿನಿಂದ.

ಯಾಕೆ ಹೇಳಲಿಲ್ಲ ಎಂದು ನೀನು ಕೇಳಲಿಲ್ಲ. ಕೇಳುತ್ತೀ ಎಂದು ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ಮೊದಲು ಅಂದುಕೊಂಡದ್ದು, ಆಪರೇಷನ್ ಆಗಲಿ, ಮಾತು ಬಂದ ಮೇಲೆ ಹೇಳೋಣ ಎಂದು. ಆಮೇಲೆ ಕುತ್ತಿಗೆಗೆ ಒತ್ತಿಕೊಳ್ಳುವ ಈ ಯಂತ್ರ ಕೊಟ್ಟರು. ಇಂಡಿಯನ್ ಗ್ರಾಸರಿಯಲ್ಲಿ ಮೊದಲ ಸಲ ಅದರಲ್ಲಿ "ಜೋಳದ ಹಿಟ್ಟು ಎಲ್ಲಿ?" ಎಂದು ಕೇಳಿದೆ. ಒಂದು ಕೂಸು ಹೆದರಿ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ನೀನು ಇದನ್ನು ಕೇಳುವುದು ಬೇಡ ಅನ್ನಿಸಿತು. ಅಷ್ಟೇ.

ಒಂದು ಮಾತು ಮನಸ್ಸಿನಲ್ಲಿ ಉಳಿದಿದೆ. ನಾನು ಯಂತ್ರ ಒತ್ತಿ ಮಾತಾಡಿದಾಗಲೆಲ್ಲ ನೀನು ಕಣ್ಣು ಮುಚ್ಚುತ್ತಿದ್ದೆ. ಯಾಮಿನಿಯೂ ನೋಡಿದಳು. ನೋಡಲಾಗದಿದ್ದರೆ ತಪ್ಪೇನಿಲ್ಲ. ನಾವು ಕಾಗದದಲ್ಲೇ ಇರೋಣ, ಇಬ್ಬರಿಗೂ ಸಲೀಸು.

ಆ ಊರಿನ ಬಗ್ಗೆ ಬರೆ. ಸೇತುವೆ ಗಟ್ಟಿಯಿದೆ ಎಂದು ಸಹಿ ಹಾಕುವಾಗ ನಾನು ಮೇಲಿನ ಲಾರಿಯನ್ನಲ್ಲ, ಅದರೊಳಗೆ ಕೂತವರನ್ನು ನೆನೆಸಿಕೊಳ್ಳುತ್ತೇನೆ. ಆ ಊರನ್ನು ನೀನು ಕಣ್ಣಾರೆ ನೋಡಿದ್ದೀಯಾ?

ಅಣ್ಣ


ಡರ್ಹಮ್
ನವೆಂಬರ್ 14, 2021

ಅಣ್ಣಾ,

ಇಷ್ಟು ತಿಂಗಳು ಬರೀ ಮೊಬೈಲಿನಲ್ಲಿ ನಾಲ್ಕು ನಾಲ್ಕು ಸಾಲು ಕಳಿಸಿದೆ. ಬರೆಯುವಂಥದ್ದು ಆಗಿತ್ತು, ಅದಕ್ಕೇ ಬರೆಯಲಾಗಲಿಲ್ಲ.

ಮೊದಲು ಕಣ್ಣಿನ ಮಾತು. ನೋಡಲಾಗದೆ ಮುಚ್ಚಿದ್ದಲ್ಲ. ಮುಚ್ಚಿಕೊಂಡರೆ ಯಂತ್ರದ ಗುಂಯ್‌ಗುಡುವಿಕೆಯ ಕೆಳಗೆ ನೀನು ಸಿಗುತ್ತಿದ್ದೆ. ಮಾತಿನ ನಡುವೆ ನಿಲ್ಲುವ ನಿನ್ನ ರೀತಿ, "ಹೌದಿಲ್ಲೊ" ಎನ್ನುವಾಗ ಕೊನೆಯನ್ನು ಎಳೆಯುವುದು, ಎಲ್ಲ ಹಾಗೇ ಇತ್ತು. ಇಷ್ಟು ದಿನ ನೀನು ಅದನ್ನು ತಪ್ಪು ತಿಳಿದುಕೊಂಡೇ ಇದ್ದೆಯಾ?

ಇನ್ನು ಆ ಊರು. ಜೂನಿನಲ್ಲಿ ಹೊಸ ಚಿತ್ರ ಕೈಗೆ ಬಂತು. ನಾವು ಪುಡಿ ಬಿರುಕುಗಳು ಅಂದುಕೊಂಡಿದ್ದವು ಬಿಡಿ ಬಿಡಿಯಾಗಿರಲಿಲ್ಲ. ಒಂದು ಬಾವಿಯ ಬುಡದಿಂದ ನೇರ ಊರಿನ ಅಡಿಗೆ ಹೋಗುವ ಹಳೆಯ ಉದ್ದನೆಯ ಬಿರುಕು ಅದು. ನೀರು ಅದರೊಳಗೆ ಇಳಿಯುತ್ತಿತ್ತು. ನಾನು ಮೀಟಿಂಗಿನಲ್ಲಿ ಹೇಳಿದೆ, ಆ ಬಾವಿಯನ್ನು ನಿಲ್ಲಿಸಿ ಎಂದು. ಕಂಪನಿಯವರು ಮರ್ಯಾದೆಯಿಂದಲೇ ಕೇಳಿಸಿಕೊಂಡರು. "ಇನ್ನಷ್ಟು ಡೇಟಾ ಬರಲಿ" ಎಂದರು. ಡೇಟಾ ಅಂದರೆ ಇನ್ನಷ್ಟು ಭೂಕಂಪ, ಅಣ್ಣಾ. ಬೇರೆಲ್ಲಿಂದ ಬರಬೇಕು?

ಸೆಪ್ಟೆಂಬರಿನಲ್ಲಿ ಬಂತು. ದೊಡ್ಡದೇನಲ್ಲ, ಗೋಡೆ ಬೀಳಿಸುವಂಥದ್ದಲ್ಲ. ಚಕ್ರದ ಮೇಲೆ ನಿಲ್ಲಿಸಿದ ಟ್ರೇಲರ್ ಮನೆಯೊಂದರಲ್ಲಿ ಒಂಟಿಯಾಗಿದ್ದ ಮುದುಕಿಯೊಬ್ಬಳು ಗಾಬರಿಯಿಂದ ಬಾಗಿಲಿಗೆ ಓಡಿ, ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ನಾನು ವಿಮಾನ ಹತ್ತಿ ಹೋದೆ. ಆ ಊರನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ನನ್ನ ಚಿತ್ರದಲ್ಲಿ ಅದು ಮೇಲ್ತುದಿಯ ಒಂದು ಚುಕ್ಕಿ. ಅಲ್ಲಿ ಬಟ್ಟೆ ಒಣಹಾಕಿದ್ದರು, ನಾಯಿಗಳು ಬೊಗಳುತ್ತಿದ್ದವು.

ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದುಕೊಂಡು, ನಾನು ಭೂಕಂಪ ಓದುವವಳು ಎಂದೆ. ಅವಳಿಗೆ ಖುಷಿಯಾಯಿತು. "ಹಾಗಾದರೆ ನಿನಗೆ ಗೊತ್ತಿರಬೇಕು. ಅದು ಮುಗಿಯಿತಾ?" ಎಂದು ಕೇಳಿದಳು. ಬಾವಿ ಆಗಲೂ ನಡೆಯುತ್ತಿತ್ತು. ನಾನು ಅವಳ ಹೊದಿಕೆ ಸರಿಮಾಡಿ ಎದ್ದು ಬಂದೆ.

ಅಲ್ಲಿಂದ ಬಂದವಳೇ ಚಿತ್ರವನ್ನು ಊರಿನ ಕೌನ್ಸಿಲಿಗೂ ಸರಕಾರದವರಿಗೂ ಕಳಿಸಿದೆ. ಕಂಪನಿಯನ್ನು ಕೇಳಲಿಲ್ಲ. ಕಳೆದ ತಿಂಗಳು ಆ ಬಾವಿ ನಿಂತಿತು. ಪ್ರಾಜೆಕ್ಟಿನಿಂದ ನನ್ನನ್ನೂ ತೆಗೆದರು. ಮುದುಕಿ ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ, ಮಲಗಿದಲ್ಲೇ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿ ಹೋದಳು. ಭೂಕಂಪದಲ್ಲಿ ಸತ್ತವಳು ಎಂದು ಯಾರೂ ಅವಳನ್ನು ಬರೆದುಕೊಳ್ಳುವುದಿಲ್ಲ.

ನೀನು ಆ ಪ್ರಶ್ನೆ ಕೇಳಿದಾಗ, ಇದ್ದಾರೆ ಎಂದು ಸಿಟ್ಟಿನಲ್ಲಿ ಒಂದು ಸಾಲು ಬರೆದು ಲಕೋಟೆ ಅಂಟಿಸಿದ್ದೆ. ಆವತ್ತೇ ಹೋಗಿ ನೋಡಿ ಬರಬೇಕಿತ್ತು.

ಗಂಗಾ


ಸುವಾನಿ
ಮಾರ್ಚ್ 20, 2022

ಗಂಗಾ,

ಈ ಸಲ ಮುಚ್ಚಿಡುವುದಿಲ್ಲ. ರೋಗ ಮರಳಿ ಬಂದಿದೆ. ಈಗ ಶ್ವಾಸಕೋಶದಲ್ಲಿ. ಡಾಕ್ಟರು ಒಳ್ಳೆಯವರು, ಚಿತ್ರ ತೋರಿಸಿ ಹೇಳಿದರು. ನೀನು ಬಿಡಿಸುವಂಥದ್ದೇ ಕಪ್ಪು ಬಿಳುಪಿನ ಚಿತ್ರ. ಹೊಸ ಔಷಧ ಕೊಡುತ್ತಿದ್ದಾರೆ. ಯಾಮಿನಿ ಅದರ ಮೇಲೆ ಆಸೆ ಇಟ್ಟಿದ್ದಾಳೆ. ನಾನು ಅವಳ ಆಸೆಯನ್ನು ಕೆಡಿಸಲು ಹೋಗಿಲ್ಲ.

ಕಣ್ಣಿನ ವಿಷಯ ನೀನು ಬರೆದದ್ದು ಓದಿದೆ. ಹೌದು, ತಪ್ಪಾಗಿಯೇ ತಿಳಿದಿದ್ದೆ. ಮೇಲಿಂದ ನೋಡಿ ಒಳಗಿನದನ್ನು ಹೇಳುವುದು ಕಷ್ಟ ಎಂದು ನೀನೇ ಅನ್ನುತ್ತೀಯಲ್ಲ.

ಆ ಮುದುಕಿಗಾಗಿ ಅಳಬೇಡ ಎನ್ನುವುದಿಲ್ಲ. ಅಳು. ಆದರೆ ಪ್ರಾಜೆಕ್ಟು ಹೋಯಿತೆಂದು ನೆಲದ ಕಡೆಗೆ ಬೆನ್ನು ಮಾಡಬೇಡ. ಅಲ್ಲಿ ಕರೆಂಟೂ ಬೇಕು, ಊರೂ ಇರಬೇಕು. ಎರಡನ್ನೂ ನೋಡುವವರು ಒಬ್ಬರಾದರೂ ಕೋಣೆಯಲ್ಲಿರಲಿ.

ಅಕ್ಷಯಾಳಿಗೆ ಕನ್ನಡ ಬರೆಯುವುದನ್ನು ಕಲಿಸುತ್ತಿದ್ದೇನೆ. ಒತ್ತಕ್ಷರ ಬಂದಲ್ಲೆಲ್ಲ ನಿಂತು ನಿಟ್ಟುಸಿರು ಬಿಡುತ್ತಾಳೆ.

ಯುಗಾದಿಗೆ ಬಾ. ಇರುವಷ್ಟು ದಿನ ಇರು.

ಅಣ್ಣ


ಸುವಾನಿ
ಸೆಪ್ಟೆಂಬರ್ 11, 2022

ಡಿಯರ್ ಗಂಗಾ ಅತ್ತೆ,

ನಾನು ಅಕ್ಷಯಾ. ಇದು ನಾನೇ ಬರೆದದ್ದು, ಅಮ್ಮ ಹೆಲ್ಪ್ ಮಾಡಿಲ್ಲ. ತಪ್ಪು ಇದ್ದರೆ ಸಾರಿ.

ಅಪ್ಪನ ಫ್ಯೂನರಲ್ ಆಗಿ ನೀವು ಹೋದ ಮೇಲೆ ಅಮ್ಮ ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ. ಅಡಿಗೆ ಮಾಡುತ್ತಾಳೆ. ಜಾಸ್ತಿ ಮಾತು ಇಲ್ಲ. ಪಕ್ಕದ ಮನೆ ಕೃಷ್ಣಪ್ರಸಾದ ಅಂಕಲ್ ಮತ್ತು ಆಂಟಿ ಊಟ ತಂದು ಕೊಡುತ್ತಾರೆ. ಅಪ್ಪನ ಶೂಸ್ ಇನ್ನೂ ಗರಾಜ್‌ನಲ್ಲಿ ಇದೆ. ಅಮ್ಮ ತೆಗೀಬೇಡ ಅಂದಳು.

ಅತ್ತೆ, ನನಗೆ ಒಂದು ವಿಷಯ ಕೇಳಬೇಕು. ಅಮ್ಮನಿಗೆ ಹೇಳಬೇಡಿ. ನನಗೆ ಅಪ್ಪನ ವಾಯ್ಸ್ ಮರೆತು ಹೋಗುತ್ತಾ ಇದೆ. ಮೆಷೀನ್ ಅಲ್ಲ, ಮೊದಲು ಇದ್ದದ್ದು. ನೆನೆಸಿಕೊಂಡರೆ ಮೆಷೀನ್ ಮಾತ್ರ ಬರುತ್ತೆ. ಹಳೆ ವಿಡಿಯೋ ಎಲ್ಲಾ ನೋಡಿದೆ. ಎಲ್ಲಾದರಲ್ಲೂ ನಾನು ಇದ್ದೀನಿ, ಅಮ್ಮ ಇದ್ದಾಳೆ. ಅಪ್ಪ ಯಾವಾಗಲೂ ಫೋನ್ ಹಿಡಿದುಕೊಂಡು ಸುಮ್ಮನೆ ಇರುತ್ತಿದ್ದರು. ಒಂದರಲ್ಲಿ ಮಾತ್ರ "ಹ್ಞಾ" ಅಂತ ಇದೆ. ಅಷ್ಟೇ.

ಅಪ್ಪ ನಿಮಗೆ ತುಂಬಾ ಫೋನ್ ಮಾಡುತ್ತಿದ್ದರು, ಅಲ್ವಾ? ನಿಮ್ಮ ಹತ್ತಿರ ಹಳೆಯ ವಾಯ್ಸ್‌ಮೇಲ್ ಇದೆಯಾ? ಇದ್ದರೆ ಪ್ಲೀಸ್ ನನಗೆ ಕಳಿಸಿ.

ಲವ್,
ಅಕ್ಷಯಾ


ಡರ್ಹಮ್
ಸೆಪ್ಟೆಂಬರ್ 18, 2022

ನನ್ನ ಮಗಳೇ ಅಕ್ಷಯಾ,

ನಿನ್ನ ಕಾಗದದಲ್ಲಿ ತಪ್ಪುಗಳಿವೆಯೋ ಇಲ್ಲವೋ ನಾನು ನೋಡಲಿಲ್ಲ. "ಮೊದಲು" ಎಂಬುದರಲ್ಲಿ ದಕಾರ ನಿಮ್ಮಪ್ಪನ ದಕಾರದ ಹಾಗೇ ಇದೆ. ಅದನ್ನೇ ನೋಡುತ್ತ ಕೂತೆ.

ನನ್ನ ಹತ್ತಿರ ಇಲ್ಲ, ಕೂಸೆ. ಆ ಲಾಕ್‌ಡೌನಿನ ಬೇಸಿಗೆಯಲ್ಲಿ ಫೋನ್ ಬದಲಿಸಿದೆ, ಹಳೆಯ ಮೆಸೇಜುಗಳು ಹೊಸದಕ್ಕೆ ಬರಲಿಲ್ಲ. ಆಗ ಹುಡುಕಲೂ ಇಲ್ಲ, ಫೋನ್ ಮಾಡುವವನು ಇದ್ದಾನಲ್ಲ ಎಂದು. ಈ ವಾರವೆಲ್ಲ ಹುಡುಕಿದೆ. ಫೋನಿನ ಅಂಗಡಿಗೂ ಹೋಗಿ ಕೇಳಿದೆ. ನೆವಾಡಾದ ನೆಲದಡಿಯಲ್ಲಿ ಬಂಡೆ ಮಾಡಿದ ಸದ್ದುಗಳು, ಯಾರಿಗೂ ಕೇಳಿಸದ ಪುಟ್ಟ ಪುಟ್ಟವೂ, ಎಲ್ಲ ಲ್ಯಾಬಿನಲ್ಲಿ ಜೋಪಾನವಾಗಿವೆ. ನಿಮ್ಮಪ್ಪನದು ಒಂದೂ ಇಲ್ಲ.

ಆದರೆ ಕೇಳಿದ್ದನ್ನು ಹೇಳಬಲ್ಲೆ. ಅವನು ನಿನಗೆ ಇದನ್ನು ಹೇಳಿರಲಾರ.

ನನಗೆ ಎಂಟು ವರ್ಷ. ನಸುಕಿನಲ್ಲಿ ನೆಲ ಅಲುಗಿ ನಮ್ಮ ಕಲ್ಲುಮಣ್ಣಿನ ಮನೆ ಕುಸಿಯಿತು. ಅವ್ವ, ಅಪ್ಪ, ನಾನು ಒಳಗೆ. ನಿಮ್ಮಪ್ಪ ಹೊಲ ಕಾಯಲು ಹೋಗಿದ್ದ, ಉಳಿದ. ನಾನು ಒಂದು ತೊಲೆಯ ಕೆಳಗಿನ ಸಂದಿನಲ್ಲಿ ಸಿಕ್ಕಿಕೊಂಡಿದ್ದೆ. ಬಾಯಿ ತುಂಬ ಮಣ್ಣು, ಕತ್ತಲೆ. ನಿದ್ದೆ ಬರುವ ಹಾಗಾಗುತ್ತಿತ್ತು. ಆಗ ಮೇಲಿಂದ ಅವನ ದನಿ ಬಂತು: "ಗಂಗಾ, ಮಲಗಬ್ಯಾಡ. ಮಗ್ಗಿ ಹೇಳು."

ಅವನು ಒಂದು ಸಾಲು, ನಾನು ಒಂದು ಸಾಲು. ಎರಡರದು, ಮೂರರದು, ಆರರದು. ನನ್ನ ದನಿ ಇಳಿಯುತ್ತ ಬಂತು. ಅಗೆಯುವವರಿಗೆ ನಾನು ಎಲ್ಲಿದ್ದೇನೆಂದು ತಿಳಿಯುತ್ತಿರಲಿಲ್ಲ. ಆಗ ಅವನು ಬೇಕೆಂದೇ ತಪ್ಪು ಹೇಳಿದ: "ಏಳ ಎಂಟ್ಲೆ ಐವತ್ನಾಕು." ನಾನು ಸುಮ್ಮನಿದ್ದೆ. ಇನ್ನೊಮ್ಮೆ ಹೇಳಿದ, ನಗುತ್ತ: "ಐವತ್ನಾಕಲ್ಲಾ ಗಂಗಿ? ನಿಮ್ಮ ಮಾಸ್ತರು ಹಂಗೇ ಕಲಿಸ್ಯಾರ?" ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇದ್ದ ಉಸಿರನ್ನೆಲ್ಲ ಹಾಕಿ ಕಿರುಚಿದೆ, "ಐವತ್ತಾರು!" ಆ ಕೂಗಿನ ಜಾಗಕ್ಕೆ ಗುದ್ದಲಿ ಹಾಕಿದರು. ಕೈ ಕಾಣಿಸಿತಂತೆ.

ಸ್ವಲ್ಪ ಒರಟು ದನಿ, ಅಕ್ಷಯಾ. ಹೊಲದಲ್ಲಿ ಹಕ್ಕಿ ಓಡಿಸಿ ಒಡೆದದ್ದು. ನಗುವಾಗ ಮಾತಿನ ಕೊನೆ ಮೇಲಕ್ಕೆ ಏರುತ್ತಿತ್ತು. ಶನಿವಾರ ನಾನು ಬರುತ್ತೇನೆ. ನನ್ನ ಗಂಟಲು ಅವನದಲ್ಲ, ಆದರೂ ಹೇಗೆ ಹೇಳುತ್ತಿದ್ದ ಎಂದು ಹೇಳಿ ತೋರಿಸುತ್ತೇನೆ. ನಿನ್ನ ಅಮ್ಮನೂ ಪಕ್ಕದಲ್ಲಿ ಕೂತುಕೊಳ್ಳಲಿ.

ಇನ್ನೊಂದು ಮಾತಿದೆ. ನನಗೆ ಅದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ನಮ್ಮ ಸೋದರಮಾವನಿಂದ. ನಿಮ್ಮಪ್ಪ ಮೇಲೆ ನಿಂತು ನಗುತ್ತ ನನ್ನನ್ನು ಕೆಣಕುತ್ತಿದ್ದ ಹೊತ್ತಿಗೆ, ಅವ್ವನನ್ನೂ ಅಪ್ಪನನ್ನೂ ಆಗಲೇ ಹೊರಗೆ ತೆಗೆದು ಬೇವಿನ ಗಿಡದ ಕೆಳಗೆ ಮಲಗಿಸಿದ್ದರು. ಮುಖದ ಮೇಲೆ ಬಟ್ಟೆ ಹೊದಿಸಿದವನು ಅವನೇ.

ದನಿಯಲ್ಲಿ ಏನೂ ಗೊತ್ತಾಗಲಿಲ್ಲ, ಮಗಳೇ. ಒಂದಿಷ್ಟೂ ಗೊತ್ತಾಗಲಿಲ್ಲ.

ನಿನ್ನ ಅತ್ತೆ,
ಗಂಗಾ